ನಾಲ್ಕಿಂಚೋ ಆರಿಂಚೋ ಅನ್ನೋದಕ್ಕಿಂತ ಮೊದಲು ಗಾಳಿ: ಮನೆಯ ಕೊಳಚೆ ಪೈಪ್ ಆರಿಸುವವರಿಗೆ

ಆಲ್ದೂರಿನ ಹತ್ತಿರ ತೋಟದಲ್ಲಿ ಹೋಮ್‌ಸ್ಟೇ ಕಟ್ಟಿಸುತ್ತಿರುವ ಪರಿಚಯದವರೊಬ್ಬರು ಮೊನ್ನೆ ಸೈಟಿನಲ್ಲಿ ಹೇಳಿದರು: "ಎಲ್ಲಾ ಕಡೆ ಆರಿಂಚಿನ ಪೈಪೇ ಹಾಕಿಬಿಡಿ ಸಾರ್. ದಪ್ಪ ಇದ್ರೆ ಕಟ್ಕೊಳಲ್ಲ ಅಲ್ವಾ?"

ಹಾಗೆ ಅನ್ನಿಸುವುದು ಸಹಜ. ನಲ್ಲಿಗೆ ಬರುವ ನೀರಿನ ಪೈಪ್ ದಪ್ಪ ಇದ್ದರೆ ಒಳ್ಳೆಯದೇ. ಕೊಳಚೆ ಪೈಪಿನ ವಿಷಯ ಬೇರೆ. ಅದು ಯಾವತ್ತೂ ತುಂಬಿ ಹರಿಯಬಾರದು. ಅದರೊಳಗೆ ನೀರು ಸ್ವಲ್ಪ, ಗಾಳಿ ಜಾಸ್ತಿ. ಆ ಗಾಳಿ ಓಡಾಡಲು ಜಾಗ ಸಿಗದಿದ್ದರೆ ಆರಿಂಚು ಹಾಕಿದರೂ ಮನೆ ನಾರುತ್ತದೆ.

ಚಿಕ್ಕಮಗಳೂರಿನಲ್ಲಿ ಇಪ್ಪತ್ತು ವರ್ಷದಿಂದ ಮನೆ ಕಟ್ಟಿಸುವ ಕೆಲಸ ನೋಡಿಕೊಂಡು ಬಂದಿದ್ದೇನೆ. ಪೈಪ್ ಸಣ್ಣದಾಯಿತು ಅಂತ ಕೆಟ್ಟ ಮನೆ ಬೆರಳೆಣಿಕೆಯಷ್ಟು. ಗಾಳಿಗೆ ದಾರಿ ಇಲ್ಲದೆ ಕೆಟ್ಟ ಮನೆಗಳಿಗೆ ಲೆಕ್ಕವಿಲ್ಲ. ಅದರಲ್ಲಿ ಒಂದು ನನ್ನದೇ ಮನೆ. ಅದನ್ನೂ ಹೇಳುತ್ತೇನೆ.

ಎರಡಿಂಚು ನೀರು

ಬಚ್ಚಲ ನೆಲದ ಜಾಲರಿಯ ಕೆಳಗಿರುವ ನಹಾನಿ ಟ್ರ್ಯಾಪ್, ಸಿಂಕಿನ ಕೆಳಗಿನ ಬಾಟಲ್ ಟ್ರ್ಯಾಪ್, ಕಮೋಡಿನ ಒಳಗಿನ ಬಾಗು, ಎಲ್ಲದರಲ್ಲೂ ಸ್ವಲ್ಪ ನೀರು ನಿಂತಿರುತ್ತದೆ. ಸಾಮಾನ್ಯವಾಗಿ 50 ಮಿ.ಮೀ., ಅಂದರೆ ಎರಡಿಂಚು. ಚರಂಡಿಯ ಗಾಳಿಗೂ ನಿಮ್ಮ ಮೂಗಿಗೂ ನಡುವೆ ಇರುವ ಬಾಗಿಲು ಅದೊಂದೇ.

ಈಗ ಮೇಲಿನ ಮಹಡಿಯಲ್ಲಿ ಯಾರೋ ಫ್ಲಶ್ ಮಾಡಿದರು ಅಂತಿಟ್ಟುಕೊಳ್ಳಿ. ನೀರು ಸ್ಟ್ಯಾಕ್‌ನಲ್ಲಿ, ಅಂದರೆ ಮೇಲಿಂದ ಕೆಳಗಿಳಿಯುವ ಪೈಪಿನಲ್ಲಿ, ಉಂಡೆಯಾಗಿ ಬೀಳುವುದಿಲ್ಲ. ಗೋಡೆಗೆ ಅಂಟಿಕೊಂಡು ತೆಳುವಾಗಿ ಸುತ್ತ ಇಳಿಯುತ್ತದೆ. ನಡುವೆ ಗಾಳಿಯ ಕಂಬ. ಇಳಿಯುವ ನೀರು ಆ ಗಾಳಿಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಆಗ ಮೇಲಿನ ಭಾಗದಲ್ಲಿ ಗಾಳಿ ಕಡಿಮೆಯಾಗಿ ಪೈಪ್ ಹೀರತೊಡಗುತ್ತದೆ. ಮೇಲಿಂದ ಹೊಸ ಗಾಳಿ ಬರದಿದ್ದರೆ ಪಕ್ಕದ ಟ್ರ್ಯಾಪಿನ ನೀರನ್ನೇ ಎಳೆದುಕೊಳ್ಳುತ್ತದೆ. ಗುಳುಗುಳು ಸದ್ದು ಅದರದ್ದೇ. ಕೆಳಗೆ ಇದಕ್ಕೆ ಉಲ್ಟಾ. ನೀರು ಬುಡದ ಬೆಂಡಿಗೆ ಬಡಿದು, ವೇಗ ಕಳೆದುಕೊಂಡು ಗುಡ್ಡೆಯಾಗುತ್ತದೆ. ಹಿಂದೆ ಬಂದ ಗಾಳಿ ಸಿಕ್ಕಿಹಾಕಿಕೊಂಡು ಒತ್ತುತ್ತದೆ. ನೆಲಮಹಡಿಯ ನಹಾನಿಯಲ್ಲಿ ಗುಳ್ಳೆ ಏಳುತ್ತದೆ.

ಇಷ್ಟು ತಿಳಿದರೆ ನಿಮ್ಮ ಮನೆಯ ಕಾಯಿಲೆ ನೀವೇ ಹೇಳಬಹುದು. ಟ್ರ್ಯಾಪ್ ಖಾಲಿಯಾಗಿ ವಾಸನೆ ಬಂದರೆ ಹೀರುತ್ತಿದೆ. ಗುಳ್ಳೆ ಎದ್ದು ವಾಸನೆ ಬಂದರೆ ಒತ್ತುತ್ತಿದೆ. ಔಷಧಿ ಬೇರೆ ಬೇರೆ.

ತುಂಬಾ ಎತ್ತರದಿಂದ ಬಿದ್ದರೆ ನೀರಿನ ವೇಗ ಏರುತ್ತಲೇ ಹೋಗುತ್ತದೆ ಅಂತ ಕೆಲವರು ಹೆದರಿ ಸ್ಟ್ಯಾಕ್‌ಗೆ ನಡುನಡುವೆ ಬೆಂಡ್ ಹಾಕಿಸುತ್ತಾರೆ. ಬೇಡ. ಗೋಡೆಯ ಘರ್ಷಣೆಯಿಂದ ವೇಗ ಸುಮಾರು ಒಂದು ಮಹಡಿಯೊಳಗೇ ಸ್ಥಿರವಾಗುತ್ತದೆ. ನಾಲ್ಕಿಂಚಿನ ಪೈಪಿನಲ್ಲಿ ಅದು ಸೆಕೆಂಡಿಗೆ 3ರಿಂದ 4.5 ಮೀಟರ್ ಆಸುಪಾಸು. ನಡುವಿನ ಬೆಂಡಿನಿಂದ ಗಾಳಿ ಕಟ್ಟುತ್ತದೆ ಅಷ್ಟೇ.

ಅಳತೆಯ ಲೆಕ್ಕ

ಪೈಪಿನ ಅಳತೆಗೆ ಒಂದು ಹಳೆಯ ಲೆಕ್ಕವಿದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿದ್ದ ರಾಯ್ ಹಂಟರ್ 1940ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಮನೆಯ ಎಲ್ಲಾ ನಲ್ಲಿ, ಕಮೋಡ್ ಒಟ್ಟಿಗೇ ಹರಿಯುವುದಿಲ್ಲ. ಹಾಗಾಗಿ ಲೀಟರ್ ಕೂಡಿಸಬೇಡಿ, ಒಂದೊಂದಕ್ಕೂ ಅಂಕ ಕೊಟ್ಟು ಅಂಕ ಕೂಡಿಸಿ ಅಂದರು. ಈ ಅಂಕಕ್ಕೆ ಫಿಕ್ಸ್ಚರ್ ಯೂನಿಟ್ ಎನ್ನುತ್ತಾರೆ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ 9ನೇ ಭಾಗವೂ ಇದೇ ದಾರಿ ಹಿಡಿದಿದೆ.

ನಮ್ಮ ಊರಿನ ಮಾಮೂಲಿ ಮೂರು ಅಂತಸ್ತಿನ ಮನೆ ತೆಗೆದುಕೊಳ್ಳಿ. ಪ್ರತಿ ಅಂತಸ್ತಿಗೆ ಎರಡು ಬಾತ್‌ರೂಮು, ಒಂದು ಅಡುಗೆಮನೆ, ಒಂದು ವಾಷಿಂಗ್ ಮೆಷಿನ್. ಅಮೆರಿಕದ ಕೋಡಿನಲ್ಲಿ ಟ್ಯಾಂಕ್ ಇರುವ ಕಮೋಡ್, ಬೇಸಿನ್, ಸ್ನಾನ ಸೇರಿ ಒಂದು ಬಾತ್‌ರೂಮಿಗೆ ಹೆಚ್ಚೆಂದರೆ 6 ಅಂಕ. ಸಿಂಕಿಗೆ 2, ಮೆಷಿನ್ನಿಗೆ 2. ಅಂತಸ್ತಿಗೆ 16, ಒಟ್ಟು 48. ಅದೇ ಕೋಡ್ ಮೂರು ಅಂತಸ್ತಿನವರೆಗೆ ನಾಲ್ಕಿಂಚಿನ ಸ್ಟ್ಯಾಕ್ ಒಂದಕ್ಕೆ 240 ಅಂಕ ಬಿಡುತ್ತದೆ. ನಮ್ಮದು ಅದರ ಐದನೇ ಒಂದು ಭಾಗ!

ಅಂದರೆ ಕಮೋಡಿಗೆ 110 (ಮಿ.ಮೀ., ನಾಲ್ಕಿಂಚು) ಹಾಕುವುದು ಹೊರೆ ನೋಡಿ ಅಲ್ಲ, ಕಮೋಡಿನ ಬಾಯಿ ನೋಡಿ. ಹೊರೆಯ ದೃಷ್ಟಿಯಿಂದ ಅದೇ ಜಾಸ್ತಿ. ಮನೆಯ ಸ್ಟ್ಯಾಕ್‌ಗೆ 160 ಹಾಕುವುದು ಸುಮ್ನೆ ದುಡ್ಡು ದಂಡ. ಮೂರು ಅಂತಸ್ತಿನ ಮೂವತ್ತು ರೂಮಿನ ಲಾಡ್ಜ್ ಲೆಕ್ಕ ಹಾಕಿದರೂ 180 ಬರುತ್ತದೆ, 240 ದಾಟುವುದಿಲ್ಲ. ಆದರೆ ಅಷ್ಟು ರೂಮನ್ನು ಒಂದೇ ಸ್ಟ್ಯಾಕ್‌ಗೆ ಎಳೆದು ತರಲು ಹೋಗಬೇಡಿ. ಅಡ್ಡ ಪೈಪ್ ಉದ್ದವಾಗಿ ಕೆಟ್ಟುಹೋಗುತ್ತದೆ. ಅಲ್ಲಿ ಎರಡು ಮೂರು ಸ್ಟ್ಯಾಕ್ ಬೇಕು, ಪ್ರತಿಯೊಂದೂ 110.

ಅಂಗಡಿಯಲ್ಲಿ 110 ಅನ್ನುವುದು ಹೊರಗಿನ ಅಳತೆ. ಗೋಡೆ 3.2 ಮಿ.ಮೀ. ಇದ್ದರೆ ಒಳಗೆ ಸಿಗುವುದು 103.6. ಪ್ಲಂಬರ್ ನಾಲ್ಕಿಂಚು ಅಂದರೆ ಇದೇ. 75 ಅಂದರೆ ಅವರ ಲೆಕ್ಕದಲ್ಲಿ ಎರಡೂವರೆ ಇಂಚು, 160 ಅಂದರೆ ಆರಿಂಚು.

ಉಳಿದವು ಸುಲಭ. ಬೇಸಿನ್ನಿಗೆ 40 ಸಾಕು. ನಹಾನಿ ಟ್ರ್ಯಾಪಿನಿಂದ 75. ಅಡುಗೆಮನೆಗೆ ಪುಸ್ತಕದ ಪ್ರಕಾರ 50 ಸಾಲುತ್ತದೆ, ನಾನು ಮಾತ್ರ ಗೋಡೆ ದಾಟಿದ ಮೇಲೆ 75 ಮಾಡಿಸುತ್ತೇನೆ. ಕಾರಣ ನಮ್ಮ ಊಟ, ನಮ್ಮ ಹವೆ. ಹಂದಿ ಸಾರು, ತೆಂಗಿನೆಣ್ಣೆ, ತುಪ್ಪದ ಜಿಡ್ಡು ಆಷಾಢದ ಚಳಿಗೆ ಪೈಪಿನೊಳಗೇ ಹೆಪ್ಪುಗಟ್ಟುತ್ತದೆ. ದಿನಾ ಮೂವತ್ತು ಜನರಿಗೆ ಅಡುಗೆ ಮಾಡುವ ಹೋಮ್‌ಸ್ಟೇ ಆದರೆ 75 ಕೂಡ ಉತ್ತರವಲ್ಲ. ಹೊರಗೆ ಒಂದು ಜಿಡ್ಡಿನ ಚೇಂಬರ್ ಕಟ್ಟಿಸಿ, ವಾರಕ್ಕೊಮ್ಮೆ ಕೆನೆ ತೆಗೆಸಿ.

ಒಂದು ಮಾತು ಮರೆಯಬೇಡಿ. ನೀರು ಹೋಗುವ ದಿಕ್ಕಿನಲ್ಲಿ ಪೈಪ್ ದೊಡ್ಡದಾಗಬಹುದು, ಸಣ್ಣದಾಗಬಾರದು. 110 ಬಂದು 90ಕ್ಕೆ ಸೇರಿಸಿದ ಮನೆಯನ್ನೂ ನೋಡಿದ್ದೇನೆ. ಅಂಗಡಿಯಲ್ಲಿ ಸ್ಟಾಕ್ ಇರಲಿಲ್ಲವಂತೆ.

ನೆಲದೊಳಗೆ: 110ಕ್ಕೂ 160ಕ್ಕೂ ನಡುವೆ

ಇಲ್ಲಿ ಮಾತ್ರ ನಿಜವಾದ ಆಯ್ಕೆ ಇದೆ. ಚೇಂಬರ್‌ನಿಂದ ಚೇಂಬರ್‌ಗೆ, ಅಲ್ಲಿಂದ ಯುಜಿಡಿಗೆ (ಊರಿನ ಒಳಚರಂಡಿಗೆ) ಅಥವಾ ಸೆಪ್ಟಿಕ್ ಟ್ಯಾಂಕಿನ ಪಿಟ್ಟಿಗೆ ಹೋಗುವ ಮಲಗಿದ ಪೈಪ್.

ಮೇಸ್ತ್ರಿಗಳ ಹಳೆಯ ಸೂತ್ರ ಚೆನ್ನಾಗಿದೆ. ನಾಲ್ಕಿಂಚಿಗೆ 40ಕ್ಕೆ 1 ಇಳಿಜಾರು, ಆರಿಂಚಿಗೆ 60ಕ್ಕೆ 1, ಒಂಬತ್ತಿಂಚಿಗೆ 90ಕ್ಕೆ 1. ಹತ್ತು ಮೀಟರ್ ಉದ್ದಕ್ಕೆ ನಾಲ್ಕಿಂಚಿನ ಪೈಪ್ 25 ಸೆಂ.ಮೀ. ಇಳಿಯಬೇಕು, ಆರಿಂಚಿನದು ಸುಮಾರು 17 ಸೆಂ.ಮೀ. ಇಳಿದರೆ ಸಾಕು. ಕೊಳೆ ಕೂರದೆ ತೊಳೆದುಕೊಂಡು ಹೋಗಲು ನೀರಿಗೆ ಸೆಕೆಂಡಿಗೆ 0.75 ಮೀಟರ್‌ನಷ್ಟು ವೇಗ ಬೇಕು. ಅದಕ್ಕೆ ಈ ಇಳಿಜಾರು.

"ಹಾಗಾದ್ರೆ ಆರಿಂಚಿಗೆ ಇಳಿಜಾರು ಕಡಿಮೆ ಸಾಕಲ್ಲ, ಅದೇ ಒಳ್ಳೇದು" ಅನ್ನುತ್ತಾರೆ. ಸೂತ್ರದ ಹಿಂದೆ ಒಂದು ಷರತ್ತಿದೆ, ಪೈಪಿನಲ್ಲಿ ಸಾಕಷ್ಟು ನೀರು ಇರಬೇಕು. ಈಗಿನ ಕಮೋಡ್ ಒಂದು ಸಲಕ್ಕೆ ಬಿಡುವುದು 3 ಅಥವಾ 6 ಲೀಟರ್. ಅಷ್ಟು ನೀರು ಆರಿಂಚಿನ ಪೈಪಿನ ತಳದಲ್ಲಿ ಅಗಲವಾಗಿ ಹರಡಿಕೊಳ್ಳುತ್ತದೆ. ಆಳ ಇಲ್ಲ. ಕಾಗದ, ಮಲ ತೇಲುವುದಿಲ್ಲ, ನೆಲ ಹಿಡಿಯುತ್ತದೆ. ಅದೇ ನೀರು ನಾಲ್ಕಿಂಚಿನಲ್ಲಿ ಎತ್ತರವಾಗಿ ಬಂದು ತಳ್ಳಿಕೊಂಡು ಹೋಗುತ್ತದೆ. ದೊಡ್ಡ ಪೈಪೇ ಬೇಗ ಕಟ್ಟಿಕೊಳ್ಳುವುದು ಹೀಗೆ.

ನನ್ನ ಆಯ್ಕೆ ಇದು. ಒಂದೇ ಸಂಸಾರದ ಮನೆ, ಇಳಿಜಾರು ಸಿಗುವ ಜಾಗ ಆದರೆ ಕೊನೆಯ ಚೇಂಬರ್‌ವರೆಗೂ 110. ಮೂರು ಬಾಡಿಗೆ ಮನೆ, ಲಾಡ್ಜ್, ಹಾಸ್ಟೆಲ್ ಆದರೆ ಎಲ್ಲ ಸೇರುವ ಚೇಂಬರ್ ನಂತರ 160. ಸೈಟ್ ಚಪ್ಪಟೆಯಾಗಿದ್ದು, ರಸ್ತೆಯ ಮ್ಯಾನ್‌ಹೋಲ್ ಎತ್ತರದಲ್ಲಿದ್ದು, 40ಕ್ಕೆ 1 ಸಿಗದೇ ಇದ್ದರೆ ಮನೆಗೂ 160 ಹಾಕಬೇಕಾದೀತು. ಅದು ಒಳ್ಳೆಯದು ಅಂತಲ್ಲ, ಬೇರೆ ದಾರಿ ಇಲ್ಲ ಅಂತ. ಕೆಲಸ ಶುರುವಾಗುವ ಮುಂಚೆ ಟ್ಯೂಬ್ ಲೆವೆಲ್ ಹಿಡಿದು ರಸ್ತೆಯ ಮ್ಯಾನ್‌ಹೋಲ್ ಎಷ್ಟು ಆಳ ಅಂತ ನೋಡಿಬಿಡಿ. ಪಾಯ ಹಾಕಿದ ಮೇಲೆ ನೋಡಿದರೆ ಅಳುವುದೊಂದೇ ಕೆಲಸ.

ಮಲ್ಲಂದೂರು, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ತೊಂದರೆ ಬೇರೆ. ಇಳಿಜಾರು ಜಾಸ್ತಿ. ಗುಡ್ಡದ ಜೊತೆಗೇ ಪೈಪ್ ಇಳಿಸಿದರೆ ವೇಗ ಮಿತಿ ಮೀರುತ್ತದೆ. ನಮ್ಮ ಕಟ್ಟಡ ಸಂಹಿತೆಯ ಮಿತಿ ಸೆಕೆಂಡಿಗೆ 2.4 ಮೀಟರ್. ಮೆಟ್ಟಿಲು ಮೆಟ್ಟಿಲಾಗಿ ಚೇಂಬರ್ ಕಟ್ಟಿ, ಪೈಪನ್ನು ಹದವಾದ ಇಳಿಜಾರಿನಲ್ಲಿ ತಂದು, ಚೇಂಬರ್ ಹತ್ತಿರ ನೇರ ಕೆಳಗಿಳಿಸಿ.

ಒಂದೇ ಸ್ಟ್ಯಾಕೋ, ಎರಡೋ

ಎರಡು ಪೈಪ್ ಪದ್ಧತಿ ಅಂದರೆ ಕಮೋಡಿನದು ಒಂದು ಸ್ಟ್ಯಾಕ್, ಸ್ನಾನ, ಬೇಸಿನ್, ಅಡುಗೆಮನೆಯದು ಇನ್ನೊಂದು. ಮೊದಲನೆಯದು ನೇರ ಚೇಂಬರ್‌ಗೆ. ಎರಡನೆಯದು ಗಲ್ಲಿ ಟ್ರ್ಯಾಪ್ (ಹೊರಗೆ ನೆಲದಲ್ಲಿ ಕೂರಿಸುವ, ನೀರು ನಿಲ್ಲುವ ಟ್ರ್ಯಾಪ್) ದಾಟಿ ಚೇಂಬರ್‌ಗೆ. ಒಂಟಿ ಸ್ಟ್ಯಾಕ್ ಅಂದರೆ ಎಲ್ಲವೂ ಒಂದರಲ್ಲೇ, ಆ ಪೈಪಿನ ಮೇಲ್ತುದಿಯೇ ವೆಂಟ್, ಅಂದರೆ ಗಾಳಿಯ ದಾರಿ. ಇವೆರಡರ ನಡುವೆ ಎಲ್ಲವನ್ನೂ ಒಂದು ಸ್ಟ್ಯಾಕ್‌ಗೆ ಬಿಟ್ಟು ಪಕ್ಕದಲ್ಲಿ ಬೇರೆ ವೆಂಟ್ ಪೈಪ್ ಏರಿಸುವ ಪದ್ಧತಿಯೂ ಇದೆ.

ಬೆಂಗಳೂರಿನ ಅಪಾರ್ಟ್‌ಮೆಂಟ್ ನೋಡಿ ಬಂದವರು ಒಂಟಿ ಸ್ಟ್ಯಾಕ್ ಕೇಳುತ್ತಾರೆ. ಪೈಪ್ ಕಡಿಮೆ, ಡಕ್ಟ್ ಚಿಕ್ಕದು. ಆದರೆ ಅದು ಶಿಸ್ತು ಬೇಡುತ್ತದೆ. ಸಣ್ಣ ಟ್ರ್ಯಾಪುಗಳಲ್ಲಿ 75 ಮಿ.ಮೀ. ಆಳದ ನೀರು ಬೇಕು. ಸ್ಟ್ಯಾಕ್ ನೇರ ಇರಬೇಕು. ಅಡ್ಡ ಪೈಪುಗಳು ಗಿಡ್ಡ ಇರಬೇಕು. ಬ್ರಿಟನ್ನಿನ ಕಟ್ಟಡ ನಿಯಮದಲ್ಲಿ ವೆಂಟ್ ಇಲ್ಲದ 32 ಮಿ.ಮೀ. ಬೇಸಿನ್ ಪೈಪಿಗೆ 1.7 ಮೀಟರ್, 40ಕ್ಕೆ 3 ಮೀಟರ್, 50ಕ್ಕೆ 4 ಮೀಟರ್ ಮಿತಿ. ನಮ್ಮಲ್ಲಿ ವಾಸ್ತು ನೋಡಿ ಬೇಸಿನ್ನನ್ನು ಹಾಲಿನ ಮೂಲೆಗೆ ಇಟ್ಟು ಐದು ಮೀಟರ್ ಪೈಪ್ ಎಳೆಯುತ್ತೇವೆ. ಅಲ್ಲಿ ಒಂಟಿ ಸ್ಟ್ಯಾಕ್ ಕೆಲಸ ಮಾಡುವುದಿಲ್ಲ.

ನಮ್ಮ ಕಡೆ ನನ್ನ ಓಟು ಎರಡು ಪೈಪಿಗೇ. ಮುಖ್ಯ ಕಾರಣ ಪಿಟ್. ಊರೊಳಗೆ ಯುಜಿಡಿ ಇದ್ದರೆ ಬಿಡಿ. ಹೊರಗೆ ಎಲ್ಲರದ್ದೂ ಸೆಪ್ಟಿಕ್ ಟ್ಯಾಂಕೇ. ಸ್ನಾನದ ನೀರನ್ನೂ ಅದಕ್ಕೆ ಬಿಟ್ಟರೆ ಟ್ಯಾಂಕಿನಲ್ಲಿ ಕೊಳೆ ತಂಗಲು ಸಮಯ ಸಿಗುವುದಿಲ್ಲ, ಇಂಗುಗುಂಡಿ ಮಳೆಗಾಲದಲ್ಲಿ ಮೊದಲೇ ತುಂಬಿರುತ್ತದೆ. ಬೇರೆ ಪೈಪಿದ್ದರೆ ಬಚ್ಚಲ ನೀರು ಬಾಳೆ ಬುಡಕ್ಕೋ ಅಡಿಕೆಗೋ ಹೋಗುತ್ತದೆ. ಹಿಂದೆ ನಮ್ಮ ಮನೆಗಳಲ್ಲಿ ಬಚ್ಚಲ ಹಿಂದೆ ಬಾಳೆ, ಕೆಸು ಇರುತ್ತಿತ್ತಲ್ಲ, ಅದೇ.

ಯಾವ ಪದ್ಧತಿ ಆದರೂ ನೆಲಮಹಡಿಯನ್ನು ಸ್ಟ್ಯಾಕ್‌ಗೆ ಸೇರಿಸಬೇಡಿ. ನೇರ ಚೇಂಬರ್‌ಗೆ ಬಿಡಿ. ಒತ್ತುವ ಗಾಳಿಯ ಕಾಟಕ್ಕೆ ಇದಕ್ಕಿಂತ ಅಗ್ಗದ ಔಷಧಿ ಇಲ್ಲ. ಸ್ಟ್ಯಾಕ್‌ನ ಬುಡಕ್ಕೆ 90 ಡಿಗ್ರಿಯ ಒಂದೇ ಬೆಂಡ್ ಬದಲು 45ರ ಎರಡು ಬೆಂಡ್ ಹಾಕಿಸಿ. ಮಲಗಿದ ಪೈಪುಗಳು ಸೇರುವಲ್ಲಿ ಟೀ ಬೇಡ, ವೈ ಹಾಕಿಸಿ. ತಿರುವಿನಲ್ಲಿ ಡೋರ್ ಬೆಂಡ್ (ಬಿಚ್ಚಿ ಶುಚಿ ಮಾಡಲು ಮುಚ್ಚಳವಿರುವ ಬೆಂಡ್) ಇರಲಿ, ಆ ಡೋರ್ ಕೈಗೆ ಸಿಗುವ ಕಡೆ ಮುಖ ಮಾಡಿರಲಿ. ಗೋಡೆ ಕಡೆ ಮುಖ ಮಾಡಿದ ಡೋರ್ ಎಷ್ಟೋ ನೋಡಿದ್ದೇನೆ.

ಮಳೆ ನೀರಿನ ಪೈಪನ್ನು ಇವಕ್ಕೆ ಸೇರಿಸುವ ಮಾತೇ ಬೇಡ. ಜುಲೈನಲ್ಲಿ ಒಂದು ಜೋರು ಮಳೆ ಸಾಕು, ಚೇಂಬರ್ ಉಕ್ಕಿ ಅಂಗಳಕ್ಕೆ ಬರುತ್ತದೆ.

ವೆಂಟ್: ನನ್ನ ಮನೆಯ ಕತೆ

ಐದಾರು ವರ್ಷದ ಹಿಂದೆ ಎಲ್ಲರ ಹಾಗೆ ನಾನೂ ಟೆರೇಸ್ ಮೇಲೆ ಶೀಟ್ ಹೊದಿಸಿದೆ. ನಮ್ಮೂರ ಮಳೆಗೆ ಅದಿಲ್ಲದೆ ಆಗುವುದಿಲ್ಲ. ಆಮೇಲೆ ಶುರುವಾಯಿತು ನೋಡಿ. ಮೇಲೆ ಫ್ಲಶ್ ಮಾಡಿದರೆ ಕೆಳಗಿನ ಬೇಸಿನ್ ಗುಳುಗುಳು ಅನ್ನುತ್ತಿತ್ತು. ಬೆಳಿಗ್ಗೆ ಬಚ್ಚಲಲ್ಲಿ ವಾಸನೆ. ನಾನು ನಹಾನಿ ಟ್ರ್ಯಾಪ್ ಬದಲಿಸಿದೆ. ಫಿನಾಯಿಲ್ ಸುರಿದೆ. ಪಿಟ್ ತುಂಬಿರಬೇಕು ಅಂತ ಗಾಡಿ ಕರೆಸಿ ಖಾಲಿ ಮಾಡಿಸಿದೆ. ಮೂರು ತಿಂಗಳು ಹೀಗೇ. ಊರಿಗೆಲ್ಲ ಪೈಪ್ ಹಾಕಿಸುವವನ ಮನೆ ಇದು!

ಕೊನೆಗೆ ಕಂಡುಹಿಡಿದದ್ದು ಅಮ್ಮ. ಮೆಣಸು ಒಣಗಿಸಲು ಮೇಲೆ ಹೋದವರು ಬಟ್ಟೆ ಹಗ್ಗ ಕಟ್ಟಲು ಹುಡುಕಿ ಕೂಗಿದರು: "ಇಲ್ಲೊಂದು ಪೈಪ್ ಇತ್ತಲ್ಲೋ, ಎಲ್ಲೋಯ್ತೋ?" ಶೀಟಿನವರು ಅಡ್ಡ ಬರುತ್ತದೆ ಅಂತ ವೆಂಟ್ ಪೈಪನ್ನು ಟೆರೇಸ್ ಮಟ್ಟಕ್ಕೆ ಕೊಯ್ದು ಕ್ಯಾಪ್ ಹಾಕಿ ಹೋಗಿದ್ದರು. ಕ್ಯಾಪ್ ತೆಗೆದ ದಿನವೇ ಗುಳುಗುಳು ನಿಂತಿತು. ಆದರೆ ವಾಸನೆ ಶೀಟ್ ಕೆಳಗೆ ತುಂಬಿಕೊಂಡಿತು. ಮತ್ತೆ ಶೀಟ್ ತೂತು ಮಾಡಿ, ಪೈಪ್ ಮೇಲೆತ್ತಿ, ಸುತ್ತ ರಬ್ಬರ್ ಹಾಕಿಸಿ ಮುಗಿಸಿದೆ.

ವೆಂಟ್‌ಗೆ ಮೂರು ದಾರಿ ಇವೆ. ಸ್ಟ್ಯಾಕ್ ಅನ್ನೇ ಅದೇ ಅಳತೆಯಲ್ಲಿ ಮೇಲೆ ಬಯಲಿಗೆ ಒಯ್ಯುವುದು ಮೊದಲನೆಯದು. ಮೂರು ಅಂತಸ್ತಿನವರೆಗಿನ ಮನೆಗೆ, ಅಡ್ಡ ಪೈಪುಗಳು ಗಿಡ್ಡ ಇದ್ದರೆ, ಇದೇ ಸಾಕು. ಜನ ಓಡಾಡುವ ಟೆರೇಸ್ ಆದರೆ ತುದಿ ಅಲ್ಲಿಂದ 2 ಮೀಟರ್ ಎತ್ತರದಲ್ಲಿರಬೇಕು. 3 ಮೀಟರ್ ಒಳಗೆ ಕಿಟಕಿ ಇದ್ದರೆ ಅದರ ತಲೆಗಿಂತಲೂ 2 ಮೀಟರ್ ಮೇಲಿರಬೇಕು.

ಎರಡನೆಯದು ಪಕ್ಕದಲ್ಲೇ ಬೇರೆ ವೆಂಟ್ ಪೈಪ್ ಏರಿಸಿ, ಪ್ರತಿ ಮಹಡಿಯ ಅಡ್ಡ ಪೈಪಿಗೆ ಸೇರಿಸುವುದು. ಅಂತಸ್ತು ಜಾಸ್ತಿ ಇದ್ದರೆ, ಒಂದೇ ಅಡ್ಡ ಪೈಪಿನಲ್ಲಿ ನಾಲ್ಕೈದು ಕಮೋಡ್ ಸಾಲಾಗಿದ್ದರೆ ಇದು ಬೇಕೇ ಬೇಕು. ಹಾಸ್ಟೆಲ್, ಕಲ್ಯಾಣ ಮಂಟಪ ನೆನಪಿಸಿಕೊಳ್ಳಿ, ಊಟದ ನಂತರ ಎಲ್ಲರೂ ಒಟ್ಟಿಗೇ ಹೋಗುತ್ತಾರೆ. ವೆಂಟ್‌ನ ಅಳತೆ ತಾನು ಗಾಳಿ ಕೊಡುವ ಪೈಪಿನ ಅರ್ಧಕ್ಕಿಂತ ಕಡಿಮೆ ಇರಬಾರದು. 110ಕ್ಕೆ 63 ನಡೆಯುತ್ತದೆ, ನಾನು 75 ಹಾಕಿಸುತ್ತೇನೆ. ಹಣದ ವಿಷಯಕ್ಕೆ ಬಂದರೆ, 160 ಹಾಕಲು ಎತ್ತಿಟ್ಟಿದ್ದನ್ನು ಇಲ್ಲಿ ಖರ್ಚು ಮಾಡಿ.

ಮೂರನೆಯದು ಗಾಳಿ ವಾಲ್ವ್. ಪೈಪ್ ಹೀರಿದಾಗ ರಬ್ಬರ್ ಮುಚ್ಚಳ ತೆರೆದು ಗಾಳಿ ಒಳಗೆ ಬಿಡುತ್ತದೆ, ಉಳಿದ ಸಮಯ ಮುಚ್ಚಿರುತ್ತದೆ. ಹಾಲಿನ ಮೂಲೆಯ ಆ ಬೇಸಿನ್ನಿಗೆ, ಗೋಡೆ ಒಡೆಯಲಾಗದ ಹಳೆಯ ಮನೆಗೆ ಒಳ್ಳೆಯ ಉಪಾಯ. ಆದರೆ ಅದು ಗಾಳಿ ಒಳಗೆ ಬಿಡುತ್ತದೆಯೇ ಹೊರತು ಹೊರಗೆ ಬಿಡುವುದಿಲ್ಲ. ಒತ್ತುವ ಗಾಳಿಗೆ ಅದು ಉಪಯೋಗವಿಲ್ಲ. ಮನೆಗೆ ಒಂದಾದರೂ ಬಯಲಿಗೆ ತೆರೆದ ಪೈಪ್ ಇರಲೇಬೇಕು.

ಸೆಪ್ಟಿಕ್ ಟ್ಯಾಂಕಿಗೂ ತನ್ನದೇ ವೆಂಟ್ ಬೇಕು. ಭಾರತೀಯ ಮಾನಕ ಐಎಸ್ 2470 ಪ್ರಕಾರ ಕನಿಷ್ಠ 50 ಮಿ.ಮೀ., ತುದಿಗೆ ಸೊಳ್ಳೆ ಬಲೆ. ಟ್ಯಾಂಕ್ ಮನೆಯಿಂದ 15 ಮೀಟರ್ ದೂರ ಇದ್ದರೆ 2 ಮೀಟರ್ ಎತ್ತರ ಸಾಕು. ಹತ್ತಿರ ಇದ್ದರೆ ಮನೆಯ ತಲೆಗಿಂತ 2 ಮೀಟರ್ ಮೇಲೆ. ತೋಟದಲ್ಲಿ ಸಿಲ್ವರ್ ಓಕ್ ಎಲೆ ಬಿದ್ದು, ಕಣಜ ಗೂಡು ಕಟ್ಟಿ ವೆಂಟ್ ತುದಿಯ ಟೊಪ್ಪಿ (ಕೌಲ್) ಮುಚ್ಚಿಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವಾಗ ಇದನ್ನೂ ನೋಡಿಬಿಡಿ.

ಇನ್ನು ಹೋಮ್‌ಸ್ಟೇಯವರ ಒಂದು ದೂರು. ವೆಂಟ್ ಸರಿಯಿದೆ, ಆದರೂ ರೂಮ್ ತೆರೆದರೆ ವಾಸನೆ. ಬೇಸಿಗೆಯಲ್ಲಿ ರೂಮ್ ವಾರಗಟ್ಟಲೆ ಖಾಲಿ ಇದ್ದರೆ ಟ್ರ್ಯಾಪಿನ ನೀರು ಆರಿಹೋಗುತ್ತದೆ. ಪ್ಲಂಬರ್ ಬೇಡ, ಒಂದು ಚೊಂಬು ನೀರು ಸಾಕು.

ಎ ಟೈಪೋ, ಬಿ ಟೈಪೋ

ಇದು ಬೇಗ ಮುಗಿಯುವ ಮಾತು. ಎಸ್‌ಡಬ್ಲ್ಯುಆರ್, ಅಂದರೆ ಕೊಳಚೆ ಮತ್ತು ಮಳೆ ನೀರಿನ ಪಿವಿಸಿ ಪೈಪಿಗೆ ಐಎಸ್ 13592 ಅಂತ ಮಾನಕ ಇದೆ. ಅದರಲ್ಲೇ ಎ ಟೈಪ್ ವೆಂಟ್‌ಗೆ ಮತ್ತು ಮಳೆ ನೀರಿಗೆ, ಬಿ ಟೈಪ್ ಕೊಳಚೆಗೆ ಅಂತ ಹೇಳಿದೆ. 110ರ ಪೈಪಿನಲ್ಲಿ ಎ ಗೋಡೆ ಕನಿಷ್ಠ 2.2 ಮಿ.ಮೀ., ಬಿ 3.2. ಕಣ್ಣಿಗೆ ಒಂದೇ ಥರ ಕಾಣುತ್ತವೆ. ಪೈಪ್ ಮೇಲಿನ ಅಚ್ಚು ಓದಿ, ಲಾರಿಯಿಂದ ಇಳಿಸುವಾಗಲೇ. ಜಾಯಿಂಟ್ ನೆಲದೊಳಗೆ, ಬಚ್ಚಲಿಗಾಗಿ ತಗ್ಗಿಸಿದ ಸಂಕನ್ ಸ್ಲ್ಯಾಬಿನಲ್ಲಿ ಸಾಲ್ವೆಂಟ್ ಅಂಟಿನದ್ದಿರಲಿ. ಹೊರಗೋಡೆಯ ಉದ್ದನೆಯ ಸ್ಟ್ಯಾಕ್‌ಗೆ ರಬ್ಬರ್ ರಿಂಗ್ ಒಳ್ಳೆಯದು, ಬಿಸಿಲಿಗೆ ಹಿಗ್ಗಿ ಕುಗ್ಗಲು ಜಾಗ ಇರುತ್ತದೆ. ಕ್ಲ್ಯಾಂಪ್ ಕಂಜೂಸಿ ಮಾಡಬೇಡಿ.

ಟೈಲ್ಸ್ ಕೂರಿಸುವ ಮುಂಚೆ ಕೆಳಗಿನ ಬಾಯಿ ಮುಚ್ಚಿ, ಪೈಪಿಗೆ ನೀರು ತುಂಬಿಸಿ, ಒಂದು ಕಾಫಿ ಕುಡಿದು ಬಂದು ಮಟ್ಟ ನೋಡಿ. ಇಳಿದಿದ್ದರೆ ಎಲ್ಲೋ ಜಿನುಗುತ್ತಿದೆ. ಎಲ್ಲಾ ಕೆಲಸ ಮುಗಿದ ಮೇಲೆ, ಪ್ಲಂಬರ್‌ಗೆ ಕೊನೆಯ ಕಂತು ಕೊಡುವ ಮುಂಚೆ, ಇನ್ನೊಂದು ಪರೀಕ್ಷೆ. ಇಬ್ಬರನ್ನು ಮೇಲಿನ ಮಹಡಿಗೆ ಕಳಿಸಿ ಎರಡೂ ಕಮೋಡ್ ಒಟ್ಟಿಗೆ ಫ್ಲಶ್ ಮಾಡಿಸಿ. ನೀವು ಕೆಳಗಿನ ಮಹಡಿಗಳ ನಹಾನಿ ಜಾಲರಿ ಎತ್ತಿ ಟಾರ್ಚ್ ಹಿಡಿದು ನೋಡಿ. ನೀರು ಸ್ವಲ್ಪ ಅಲ್ಲಾಡಿ ಸುಮ್ಮನಾದರೆ ಸರಿ. ಗುಳ್ಳೆ ಎದ್ದರೆ, ಇಲ್ಲವೇ ಗೊರಕ್ ಅಂತ ಕೆಳಗಿಳಿದರೆ, ಕಂತು ಜೇಬಿನಲ್ಲೇ ಇರಲಿ. ಮೊದಲು ಟೆರೇಸ್ ಹತ್ತಿ ವೆಂಟ್ ತುದಿ ತೆರೆದಿದೆಯಾ ನೋಡಿ ಬನ್ನಿ.